ಪೇಟಿಯ ಎಡಗೈ

ಹೋದ ತಿಂಗಳು ನಮ್ಮ ಮನೆಯ ಪೇಟಿಯಲ್ಲಿ ಒಂದು ಸ್ವರ ಮೂಕಾಯಿತು. ಕೆಳಗಿನ ಸಪ್ತಕದ ಕೋಮಲ ನಿ. ಅದರ ಮನೆ (ಕೀ) ಒತ್ತಿದರೆ ಸುಸ್ ಅಂತ ಗಾಳಿ ಮಾತ್ರ ಬರುತ್ತಿತ್ತು, ದನಿ ಇಲ್ಲ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಅನ್ನುವುದು, ಬಾರಿಸುವವರು ಪೇಟಿ ಮಾಸ್ತರರು. ಈ ಪೇಟಿ ನಮ್ಮ ದೊಡ್ಡಪ್ಪನದು. ಜೇವರ್ಗಿ ತಾಲ್ಲೂಕಿನ ನಮ್ಮ ಊರಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದ ಮೇಲೆ ಬಾರಿಸಿದರು. ಬೆರಳು ಸೆಟೆಯತೊಡಗಿದ ಮೇಲೆ ನನಗೆ ಕೊಟ್ಟರು. ಹಾಗಾಗಿ ಅದು ಕೆಟ್ಟಾಗ ಸುಮ್ನೆ ಇರಲಿಕ್ಕೆ ಆಗಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಒಂದು ಗಲ್ಲಿಯಲ್ಲಿ ಪೇಟಿ, ತಬಲಾ ರಿಪೇರಿ ಮಾಡುವವರು ಒಬ್ಬರು ಕೂರುತ್ತಾರೆ. ಅವರ ಹತ್ತಿರ ಒಯ್ದೆ. ಅವರು ಒಮ್ಮೆ ತಿದಿ ಎಳೆದು ನೋಡಿ, "ರೀಡಿನಾಗ ಏನೋ ಸಿಕ್ಯಾದ, ಬಿಚ್ಚಿದ್ರ ಗೊತ್ತಾಗ್ತದ" ಅಂದರು. ಸ್ಕ್ರೂ ಬಿಚ್ಚಿ, ಒಳಗಿನ ಹಲಗೆ ಎತ್ತಿ, ಬೆಳಕಿಗೆ ಹಿಡಿದರು. ಸಾಲಾಗಿ ಹಿತ್ತಾಳೆಯ ಪಟ್ಟಿಗಳು. ಒಂದೊಂದು ಪಟ್ಟಿಯಲ್ಲೂ ಒಂದು ಸೀಳು, ಆ ಸೀಳಿನ ಮೇಲೆ ಒಂದು ತೆಳ್ಳಗಿನ ಹಿತ್ತಾಳೆಯ ನಾಲಿಗೆ. ಒಂದು ತುದಿ ಗಟ್ಟಿಯಾಗಿ ಹೊಡೆದು ಕೂರಿಸಿದ್ದು, ಇನ್ನೊಂದು ತುದಿ ಬಿಡು. ಗಾಳಿ ಹಾದರೆ ಆ ನಾಲಿಗೆ ಸೀಳಿನೊಳಗೆ ಹೋಗಿ ಬಂದು ಹೋಗಿ ಬಂದು ನಡುಗುತ್ತದೆ. ಆ ನಾಲಿಗೆಯೇ ರೀಡ್, ಆ ನಡುಕವೇ ಸ್ವರ. ನಮ್ಮ ಕೋಮಲ ನಿಯ ಸೀಳಿನಲ್ಲಿ ಹಲ್ಲಿ ಮೊಟ್ಟೆಯ ಸಿಪ್ಪೆಯ ಒಂದು ಚೂರು ಕೂತಿತ್ತು. ಉಗುರಿನಷ್ಟೂ ಇಲ್ಲ. ಅದನ್ನು ಅವರು ತೆಳ್ಳಗಿನ ಬ್ಲೇಡಿನಲ್ಲಿ ಮೆಲ್ಲಗೆ ಎಬ್ಬಿಸಿ ತೆಗೆದರು.

ದನಿ ಬಂತು, ಆದರೆ ಸ್ವಲ್ಪ ಇಳಿದಿತ್ತು. ಅವರು ನಾಲಿಗೆಯ ತುದಿಯನ್ನು ಎರಡು ಸಲ ಕೆರೆದರು, ಬಾರಿಸಿ ಕೇಳಿದರು, ಇನ್ನೊಂದು ಸಲ ಕೆರೆದರು. ತುದಿ ಕೆರೆದರೆ ಅಲ್ಲಿನ ಭಾರ ಕಡಿಮೆಯಾಗಿ ನಾಲಿಗೆ ಜೋರಾಗಿ ನಡುಗುತ್ತದೆ, ಸ್ವರ ಏರುತ್ತದೆ. ಬುಡ ಕೆರೆದರೆ ಬುಡ ಸಡಿಲಾಗಿ ಸ್ವರ ಇಳಿಯುತ್ತದೆ. ಇಷ್ಟೇ ವಿದ್ಯೆ ಅಂತ ಅವರು ಹೇಳಿದರು. ಇಷ್ಟೇ ಅಲ್ಲ ಅಂತ ಅವರ ಕೈ ನೋಡಿದರೆ ಗೊತ್ತಾಗುತ್ತಿತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಹಲಗೆಯ ಮೇಲಿನ ಪೆನ್ಸಿಲ್ ಗುರುತು. ಯಾರೋ ಪೇಟಿ ಕಟ್ಟುವಾಗ ಒಂದೊಂದು ರೀಡಿನ ಪಕ್ಕ ಅಕ್ಷರ ಬರೆದಿದ್ದರು. ಸ ರಿ ಗ ಅಲ್ಲ. ಇಂಗ್ಲಿಷಿನ ಸಿ, ಡಿ, ಇ. ಇಷ್ಟು ವರ್ಷ ಈ ಪೇಟಿಯ ಮೇಲೆ ವಚನ, ತತ್ವಪದ, ಮಂಗಳಾರತಿ ಬಿಟ್ಟು ಬೇರೆ ಏನೂ ನುಡಿದದ್ದಿಲ್ಲ. ಒಳಗೆ ಮಾತ್ರ ಅದು ತನ್ನ ತವರಿನ ಅಕ್ಷರ ಇಟ್ಟುಕೊಂಡೇ ಕೂತಿತ್ತು.

ಅದರ ತವರು ಪ್ಯಾರಿಸ್. 1842ರಲ್ಲಿ ಅಲೆಕ್ಸಾಂಡ್ರ್ ದೆಬೇನ್ ಎಂಬ ವಾದ್ಯ ತಯಾರಕ ಹಾರ್ಮೋನಿಯಂ ಅನ್ನುವ ಹೆಸರಿನ ವಾದ್ಯಕ್ಕೆ ಪೇಟೆಂಟ್ ತೆಗೆದುಕೊಂಡ. ಅವನಿಗಿಂತ ಮುಂಚೆ, 1810ರಲ್ಲೇ, ಗ್ರೆನಿಯೇ ಎಂಬವನು ಇದೇ ಜಾತಿಯ ಒಂದು ವಾದ್ಯ ಮಾಡಿ ಅದಕ್ಕೆ ಭಾವ ತೋರಿಸುವ ಆರ್ಗನ್ ಅನ್ನುವ ಅರ್ಥದ ಹೆಸರಿಟ್ಟಿದ್ದ. ನಡುಗುವ ನಾಲಿಗೆಯ ಉಪಾಯ ಮಾತ್ರ ಯುರೋಪಿನದಲ್ಲ. ಚೀನಾದ ಶೆಂಗ್ ಅನ್ನುವ ಬಿದಿರಿನ ಕೊಳವೆಗಳ ವಾದ್ಯದಲ್ಲಿ ಅದು ಬಹಳ ಹಿಂದಿನಿಂದ ಇತ್ತು. ಮೌತ್ ಆರ್ಗನ್, ಅಕಾರ್ಡಿಯನ್ ಎಲ್ಲಾ ಹುಟ್ಟಿದ್ದು ಈ ಒಂದು ನಾಲಿಗೆಯಿಂದಲೇ, ಅದೇ ಕಾಲದಲ್ಲಿ.

ಆ ಕಾಲಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ರೊಮ್ಯಾಂಟಿಕ್ ಯುಗ ಅಂತ ಹೆಸರು. ಕನ್ನಡ ಎಂ.ಎ. ಮಾಡಿದವರಿಗೆ ರಮ್ಯ ಅಂದರೆ ತಟ್ಟನೆ ಗೊತ್ತಾಗುತ್ತದೆ. ನಮ್ಮ ನವೋದಯದ ಕವಿಗಳು ಯಾವ ಇಂಗ್ಲಿಷ್ ಕವಿಗಳನ್ನು ಓದಿ ಬೆಳೆದರೋ ಆ ಕವಿಗಳ ಗಾಳಿಯೇ ಸಂಗೀತಕ್ಕೂ ಬೀಸಿತ್ತು. ಹೆಚ್ಚುಕಡಿಮೆ ಇಡೀ ಹತ್ತೊಂಬತ್ತನೇ ಶತಮಾನ. ಅದಕ್ಕೂ ಮೊದಲು ಸಂಗೀತ ಬರೆಯುವವರು ಜಾಸ್ತಿ ಅರಮನೆಯ ಇಲ್ಲಾ ಚರ್ಚಿನ ಸಂಬಳದಲ್ಲಿದ್ದವರು. ಈಗ ಒಬ್ಬ ಮನುಷ್ಯ ತನ್ನ ಎದೆಯೊಳಗಿನ ಸಂಕಟವನ್ನು, ಊರು ಬಿಟ್ಟ ನೋವನ್ನು, ಕಾಡಿನ ಭಯವನ್ನು ತಾನಾಗಿ ಬರೆಯಲಿಕ್ಕೆ ಶುರು ಮಾಡಿದ.

ಅದಕ್ಕೆ ಬೇಕಾಗಿದ್ದು ಎಂಥ ವಾದ್ಯ, ನೋಡಿ. ಪಿಯಾನೋದಲ್ಲಿ ಒಂದು ಸ್ವರ ಹೊಡೆದ ಕ್ಷಣದಿಂದ ಅದು ಸಾಯುತ್ತಾ ಹೋಗುತ್ತದೆ. ಎಷ್ಟು ಒತ್ತಿ ಹಿಡಿದರೂ ಮತ್ತೆ ಏರುವುದಿಲ್ಲ. ಚರ್ಚಿನ ದೊಡ್ಡ ಆರ್ಗನ್ನಿನಲ್ಲಿ ಸ್ವರ ನಿಲ್ಲುತ್ತದೆ, ಆದರೆ ಕಂಬದ ಹಾಗೆ ನಿಲ್ಲುತ್ತದೆ, ಒತ್ತಿದ ಬೆರಳಿಗೆ ಅದು ಬಗ್ಗುವುದಿಲ್ಲ. ಮನುಷ್ಯ ಅಳುವಾಗ, ಕರೆಯುವಾಗ ದನಿ ಹಾಗಿರುತ್ತದಾ? ಮೆಲ್ಲಗೆ ಶುರುವಾಗಿ ತುಂಬಿಕೊಂಡು ಆಮೇಲೆ ಇಳಿಯುತ್ತದೆ. ಫ್ರಾನ್ಸಿನವರು ಹಾರ್ಮೋನಿಯಂನಲ್ಲಿ ಅದನ್ನೇ ಹಿಡಿದರು. ಕಾಲಿನಿಂದ ತಿದಿ ಒತ್ತುವುದು. ಮಾಮೂಲಿಯಾಗಿ ಗಾಳಿ ಒಂದು ಚೀಲದಲ್ಲಿ ಕೂಡಿ ಸಮನಾಗಿ ಹೊರಗೆ ಹೋಗುತ್ತದೆ. ಎಕ್ಸ್‌ಪ್ರೆಷನ್ ಅಂತ ಒಂದು ಸ್ಟಾಪ್, ಅಂದರೆ ಹಿಡಿ, ಎಳೆದರೆ ಮಾತ್ರ ಆ ಚೀಲ ತಪ್ಪಿ, ಕಾಲಿನ ಒತ್ತಡ ನೇರವಾಗಿ ರೀಡಿಗೆ ಹೋಗುತ್ತದೆ. ಕಾಲು ಮೆತ್ತಗಾದರೆ ದನಿ ಮೆತ್ತಗೆ, ಕಾಲು ತುಳಿದರೆ ದನಿ ಉಬ್ಬುತ್ತದೆ. ಬಾರಿಸುವವನ ಉಸಿರೇ ಕಾಲಿಗೆ ಇಳಿದ ಹಾಗೆ.

ಹಿಂದೂಸ್ತಾನಕ್ಕೆ ಈ ಪೆಟ್ಟಿಗೆ ಪಾದ್ರಿಗಳ, ಸಾಹೇಬರ ಜೊತೆ ಬಂತು. ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರು 1875ರ ಹೊತ್ತಿಗೆ ಅದರ ಕಾಲು ತೆಗೆದು, ನೆಲದ ಮೇಲೆ ಕೂತು ಬಾರಿಸುವ ಹಾಗೆ ಕೈ ಪೇಟಿ ಮಾಡಿದರು. ಒಂದು ಕೈಗೆ ತಿದಿ, ಒಂದು ಕೈಗೆ ಸ್ವರ. ಅಲ್ಲಿ ಎರಡೂ ಕೈಯಲ್ಲಿ ನಾಲ್ಕಾರು ಸ್ವರ ಒಟ್ಟಿಗೆ ಒತ್ತಿ ಬಾರಿಸುತ್ತಿದ್ದರು, ನಮಗೆ ಅದು ಬೇಕಾಗಿರಲಿಲ್ಲ. ನಮಗೆ ಒಂದೇ ಎಳೆ ಸಾಕು. ಆದರೆ ಆ ಉಬ್ಬಿ ಇಳಿಯುವ ಉಸಿರನ್ನು ನಾವು ಬಿಡಲಿಲ್ಲ. ಅದು ಕಾಲಿನಿಂದ ಎಡಗೈಗೆ ಬಂತು. ಒಳ್ಳೆ ಪೇಟಿ ಮಾಸ್ತರನ್ನು ನೋಡುವಾಗ ಎಲ್ಲರೂ ಬಲಗೈಯ ಬೆರಳು ನೋಡುತ್ತಾರೆ. ಎಡಗೈ ನೋಡಿ. ಹಾಡುವವರು ಉಸಿರು ಎಳೆದುಕೊಳ್ಳುವಾಗ ಅದು ಸಡಿಲಾಗುತ್ತದೆ, ಅವರು ಮೇಲಿನ ಸಕ್ಕೆ ಹೋಗುವಾಗ ಗಟ್ಟಿಯಾಗಿ ಒತ್ತುತ್ತದೆ, ಪದ ಮುಗಿಯುವಾಗ ತಿದಿಯನ್ನು ಮಗುವನ್ನು ಮಲಗಿಸಿದ ಹಾಗೆ ಮುಚ್ಚುತ್ತದೆ. ನಮ್ಮ ದೊಡ್ಡಪ್ಪ ನನಗೆ ಕಲಿಸುವಾಗ ಮೊದಲ ಒಂದು ತಿಂಗಳು ಬರೀ ಸ ಒತ್ತಿ ಹಿಡಿದು ಎಡಗೈ ಒಂದನ್ನೇ ಆಡಿಸಲಿಕ್ಕೆ ಹಚ್ಚಿದ್ದರು. ಅದು ಯಾಕೆ ಅಂತ ನನಗೆ ತಿಳಿದದ್ದು ಫ್ರಾನ್ಸಿನ ಆ ಸ್ಟಾಪಿನ ಬಗ್ಗೆ ಓದಿದ ಮೇಲೆ.

ಪೇಟಿಯ ಮೇಲೆ ಒಂದು ಹಳೇ ದೂರು ಇದೆ, ಅದನ್ನು ಮುಚ್ಚಿಡಬಾರದು. ಅದರಲ್ಲಿ ಮೀಂಡ್ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಿಕ್ಕೆ ಆಗುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು. ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಕೊಂಚ ಮೇಲಿರುತ್ತದೆ, ಯಾಕಂದರೆ ಅದರ ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿದ್ದಾರೆ. ಇದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. ಸುಮಾರು ಮೂರು ದಶಕ ಅದು ಹೊರಗೇ ಇತ್ತು. ದೂರು ನಿಜ. ಆದರೂ ನಮ್ಮ ಹಳ್ಳಿಯ ಗುಡಿಯಲ್ಲಿ ಯಾರೂ ಅದನ್ನು ಹೊರಗಿಡಲಿಲ್ಲ. ಹತ್ತು ಜನ ಹತ್ತು ಕಡೆ ಎಳೆಯುವ ದನಿಗಳನ್ನು ಒಂದೇ ಸಕ್ಕೆ ತಂದು ಕೂರಿಸುವ ಶಕ್ತಿ ಅದಕ್ಕಿದೆ. ಅದು ಸಣ್ಣ ಕೆಲಸ ಅಲ್ಲ.

ಪೇಟಿ ರಿಪೇರಿಯಾಗಿ ಬಂದ ರಾತ್ರಿ ನಾನು ಯೂಟ್ಯೂಬಿನಲ್ಲಿ ಹಾರ್ಮೋನಿಯಂಗೆ ಅಂತಲೇ ಆ ಕಾಲದವರು ಏನಾದರೂ ಬರೆದಿದ್ದಾರಾ ಅಂತ ಹುಡುಕಿದೆ. ಸಿಕ್ಕಿತು. ಆಂಟೋನಿನ್ ಡ್ವೊರ್ಝಾಕ್, ಬೊಹಿಮಿಯಾದವರು, ಈಗಿನ ಚೆಕ್ ದೇಶ. 1878ರಲ್ಲಿ ಬರೆದ ಬ್ಯಾಗಟೆಲ್ಸ್, ಓಪಸ್ 47. ಐದು ಸಣ್ಣ ತುಣುಕು. ಎರಡು ಪಿಟೀಲು, ಒಂದು ಚೆಲ್ಲೋ, ಒಂದು ಹಾರ್ಮೋನಿಯಂ. ಯಾಕೆ ಪಿಯಾನೋ ಅಲ್ಲ ಅಂದರೆ, ಪ್ರಾಗ್‌ನಲ್ಲಿ ಅವರು ಸಂಜೆ ಕೂಡಿ ಬಾರಿಸುತ್ತಿದ್ದ ಗೆಳೆಯನ ಮನೆಯಲ್ಲಿ ಪಿಯಾನೋ ಇರಲಿಲ್ಲ, ಹಾರ್ಮೋನಿಯಂ ಇತ್ತು. ಅಷ್ಟೇ ಕಾರಣ! ಇದ್ದ ವಾದ್ಯಕ್ಕೆ ಬರೆದರು, ಪೇಟಿಗೆ ತಾವೇ ಕೂತರು. ಮೊದಲ ತುಣುಕಿನಲ್ಲಿ ಅವರ ಕಡೆಯ ಒಂದು ಜನಪದ ಹಾಡಿನ ಎಳೆ ಇದೆ, ಬ್ಯಾಗ್‌ಪೈಪ್ ಊದುವವರ ಬಗ್ಗೆ ಇರುವ ಹಾಡು.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಪಿಟೀಲು ಹಾಡು ಎತ್ತಿಕೊಂಡ ಕೂಡಲೇ ಹಿಂದೆ ಆ ದನಿ ಬಂತು, ನಮ್ಮ ಮನೆಯ ದನಿ, ಗುಡಿಯ ಕಟ್ಟೆಯ ದನಿ. ಮೈ ಜುಂ ಅಂದಿತು. ಅದುವರೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೆ ಕೋಟು ಹಾಕಿಕೊಂಡ ನೂರು ಜನ, ದೊಡ್ಡ ಸಭಾಂಗಣ ಅಂತಲೇ ನಾನು ತಿಳಿದಿದ್ದೆ. ಇಲ್ಲಿ ನಾಲ್ಕು ಜನ ಗೆಳೆಯರು ಒಂದು ಮನೆಯ ಕೋಣೆಯಲ್ಲಿ ಕೂತಿದ್ದಾರೆ. ಬೆಳಗಾದರೆ ಅವರಿಗೆ ಬೇರೆ ಕೆಲಸ ಇದೆ. ಇದು ನನಗೆ ಗೊತ್ತಿರುವ ಲೋಕ. ಇಟಲಿಯ ರೊಸ್ಸಿನಿ ತನ್ನ ಮುಪ್ಪಿನಲ್ಲಿ ಬರೆದ ಒಂದು ಪ್ರಾರ್ಥನಾ ಕೃತಿಯೂ ಹೀಗೇ, 1864ರಲ್ಲಿ ಪ್ಯಾರಿಸಿನ ಒಂದು ಮನೆಯಲ್ಲಿ ಮೊದಲು ಹಾಡಿದ್ದು, ಹನ್ನೆರಡು ಗಾಯಕರು, ಎರಡು ಪಿಯಾನೋ, ಒಂದು ಹಾರ್ಮೋನಿಯಂ.

ಅಲ್ಲಿಂದ ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಕಷ್ಟ ಆಗಿದ್ದು ಒಂದೇ ವಿಷಯ, ಹಾರ್ಮನಿ. ಒಂದೇ ಎಳೆಯ ರಾಗ ಕೇಳಿ ಬೆಳೆದ ಕಿವಿಗೆ ಅಷ್ಟು ಸ್ವರ ಒಟ್ಟಿಗೆ ಬಂದರೆ ಯಾವುದನ್ನು ಹಿಡಿಯಬೇಕು ಅಂತ ತಿಳಿಯುವುದಿಲ್ಲ. ನನಗೆ ಅದನ್ನು ಬಿಡಿಸಿಕೊಟ್ಟದ್ದು ಮತ್ತೆ ಪೇಟಿಯೇ. ಮನೆಯಲ್ಲಿ ಪೇಟಿ ಇದ್ದರೆ ಈಗಲೇ ಮಾಡಿ ನೋಡಿ. ಬಿಳಿ ಒಂದನ್ನು ಸ ಅಂತ ಇಟ್ಟುಕೊಳ್ಳಿ. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ತಿಳಿಯಾದ, ಬೆಳಗಿನ ಬಿಸಿಲಿನಂಥ ದನಿ. ಈಗ ಗ ಮತ್ತು ಸ ಹಾಗೇ ಹಿಡಿದುಕೊಂಡು, ಪ ಬಿಟ್ಟು, ಕೆಳಗಿನ ಧ ಒತ್ತಿ. ಧ, ಸ, ಗ. ಗಾಂಧಾರ ಅದೇ, ನೀವು ಬೆರಳು ಎತ್ತೇ ಇಲ್ಲ. ಆದರೆ ಅದೇ ಗಾಂಧಾರ ಈಗ ದುಃಖದ ಮುಖ ಮಾಡಿಕೊಂಡು ನಿಂತಿದೆ. ನಮ್ಮಲ್ಲಿ ಸ ನೆಲ ಇದ್ದ ಹಾಗೆ, ಅದು ಅಲುಗಾಡುವುದಿಲ್ಲ. ಅವರಲ್ಲಿ ಸ್ವರ ನಿಂತಲ್ಲೇ ನಿಂತಿರುತ್ತದೆ, ಕೆಳಗಿನ ನೆಲ ಬದಲಾಗುತ್ತದೆ. ಇದು ಕಿವಿಗೆ ಹತ್ತಿದ ದಿನದಿಂದ ನನಗೆ ಶೂಬರ್ಟ್ ಅರ್ಥ ಆದ.

ಫ್ರಾನ್ಜ್ ಶೂಬರ್ಟ್ ವಿಯೆನ್ನಾದವನು, 1797ರಲ್ಲಿ ಹುಟ್ಟಿ 1828ರಲ್ಲಿ ತೀರಿಕೊಂಡ. ಮೂವತ್ತೊಂದೇ ವರ್ಷ. ಅಷ್ಟರಲ್ಲಿ 600ಕ್ಕೂ ಜಾಸ್ತಿ ಹಾಡು. ಜರ್ಮನ್ ಭಾಷೆಯಲ್ಲಿ ಅವಕ್ಕೆ ಲೀಡ್ ಅನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಅವು ಭಾವಗೀತೆಗಳೇ. ಕವಿ ಬರೆದ ಕವಿತೆ, ಅದಕ್ಕೆ ಒಬ್ಬ ರಾಗ ಹಾಕಿದ್ದು, ಹಾಡಲಿಕ್ಕೆ ಒಂದು ದನಿ, ಜೊತೆಗೆ ಒಂದು ಪಿಯಾನೋ. ಅವನ ಚಳಿಗಾಲದ ಪಯಣ ಅನ್ನುವ ಅರ್ಥದ 24 ಹಾಡುಗಳ ಮಾಲೆ ಇದೆ, 1827ರದು. ಮಾತು ವಿಲ್ಹೆಲ್ಮ್ ಮ್ಯೂಲರ್ ಎಂಬ ಕವಿಯದು. ಪ್ರೀತಿಸಿದವಳ ಊರಿನಿಂದ ಒಬ್ಬ ರಾತ್ರೋರಾತ್ರಿ ಹಿಮದಲ್ಲಿ ನಡೆದು ಹೋಗುತ್ತಾನೆ. ಮೊದಲ ಹಾಡು ಉದ್ದಕ್ಕೂ ಕೋಮಲ ಗಾಂಧಾರದಲ್ಲೇ ನಡೆಯುತ್ತದೆ, ಭಾರವಾದ ಹೆಜ್ಜೆ ಇಟ್ಟ ಹಾಗೆ. ಕೊನೆಯ ನುಡಿಗೆ ಬಂದಾಗ, ನೀನು ಮಲಗಿದ್ದೀಯ, ನಿನ್ನ ಕನಸು ಕೆಡಬಾರದು, ಬಾಗಿಲು ಮೆಲ್ಲಗೆ ಮುಚ್ಚುತ್ತೇನೆ ಅಂತ ಅವನು ಅನ್ನುವಾಗ, ಕೋಮಲ ಗ ಹೋಗಿ ಶುದ್ಧ ಗ ಬರುತ್ತದೆ. ಸಂತೋಷದ ಸ್ವರ ಅಲ್ವಾ ಅದು? ಆದರೆ ಇಡೀ ಹಾಡಿನಲ್ಲಿ ಗಂಟಲು ಕಟ್ಟುವುದು ಅಲ್ಲೇ. ಒಂದು ಅರ್ಧ ಸ್ವರದಷ್ಟು ಏರಿಕೆ, ಅಷ್ಟೇ. ಅದರಲ್ಲಿ ಅವನು ಅವಳನ್ನು ಬೈಯದೆ ಹೋಗುತ್ತಾನೆ ಅನ್ನುವುದು ಗೊತ್ತಾಗಿಬಿಡುತ್ತದೆ.

ಕೊನೆಯ ಹಾಡು, 24ನೆಯದು, ನನ್ನ ಮಟ್ಟಿಗೆ ಆ ಇಡೀ ಶತಮಾನದ ದೊಡ್ಡ ಹಾಡು. ಊರಾಚೆ ಒಬ್ಬ ಮುದುಕ ನಿಂತಿದ್ದಾನೆ. ಕೈಯಲ್ಲಿ ಜರ್ಮನ್‌ನಲ್ಲಿ ಲೈಯರ್, ಇಂಗ್ಲಿಷಿನಲ್ಲಿ ಹರ್ಡಿ ಗರ್ಡಿ ಅನ್ನುವ ವಾದ್ಯ. ಹಿಡಿ ತಿರುಗಿಸಿದರೆ ಒಳಗಿನ ಚಕ್ರ ತಂತಿಗಳನ್ನು ಉಜ್ಜುತ್ತದೆ, ಒಂದು ಶ್ರುತಿ ನಿಲ್ಲದೆ ಮೊರೆಯುತ್ತಿರುತ್ತದೆ, ಅದರ ಮೇಲೆ ಸಣ್ಣ ಹಾಡು. ತಿರುಗಾಡುವ ಬಡವರ ವಾದ್ಯ ಅದು. ಮಂಜುಗಡ್ಡೆಯ ಮೇಲೆ ಬರಿಗಾಲು. ಮುಂದಿನ ತಟ್ಟೆ ಖಾಲಿ. ಯಾರೂ ಕೇಳುವವರಿಲ್ಲ, ನಾಯಿಗಳು ಗುರ್ ಅನ್ನುತ್ತವೆ. ಅವನು ಮಾತ್ರ ತಿರುಗಿಸುತ್ತಲೇ ಇದ್ದಾನೆ. ಶೂಬರ್ಟ್ ಪಿಯಾನೋದ ಎಡಗೈಗೆ ಕೊಟ್ಟದ್ದು ಏನು ಗೊತ್ತಾ? ಸ ಮತ್ತು ಪ. ಮೊದಲಿನಿಂದ ಕೊನೆಯವರೆಗೆ ಬರೀ ಸ ಪ. ನೆಲ ಬದಲಾಯಿಸುವುದರಲ್ಲಿ ಅವನಷ್ಟು ಕೈ ಪಳಗಿದವನು ಇಲ್ಲ, ಅಂಥವನು ತನ್ನ ಮಾಲೆಯ ಕೊನೆಗೆ ಬಂದು ನೆಲ ಬದಲಾಯಿಸುವುದನ್ನೇ ನಿಲ್ಲಿಸಿಬಿಟ್ಟ. ತಂಬೂರಿಯ ಹಾಗೆ ಸ ಪ ಇಟ್ಟು ಅದರ ಮೇಲೆ ಹಾಡಿಸಿದ. ಹಾಡುವವನು ಒಂದು ಸಾಲು ಹೇಳಿ ನಿಲ್ಲುತ್ತಾನೆ, ಲೈಯರ್ ಒಂದು ಸಾಲು ಹೇಳುತ್ತದೆ. ಮುದುಕಪ್ಪಾ, ನಿನ್ನ ಜೊತೆ ನಾನೂ ಬರಲಾ, ನನ್ನ ಹಾಡಿಗೆ ನೀನು ನುಡಿಸುತ್ತೀಯಾ ಅಂತ ಕೇಳುವಲ್ಲಿಗೆ ಮುಗಿಯುತ್ತದೆ. ಉತ್ತರ ಇಲ್ಲ.

ನಮ್ಮ ಕಡಕೋಳ ಮಡಿವಾಳಪ್ಪನವರ ಕಾಲವೂ ಹೆಚ್ಚುಕಡಿಮೆ ಅದೇ. ಇಲ್ಲಿ ಏಕತಾರಿ, ದಮ್ಮಡಿ ಹಿಡಿದು ಊರೂರು ತಿರುಗಿ ತತ್ವಪದ ಹಾಡುವವರು. ಅಲ್ಲಿ ವಿಯೆನ್ನಾದಲ್ಲಿ ಒಬ್ಬ ಬಡ ಹುಡುಗ ಚಕ್ರದ ವಾದ್ಯದ ಮುದುಕನ ಕವಿತೆಗೆ ರಾಗ ಹಾಕಿದ ಹಾಡು. ಯಾರಿಗೂ ಯಾರೂ ಗೊತ್ತಿಲ್ಲ. ಶೂಬರ್ಟ್ ಈ ಹಾಡುಗಳನ್ನು ಗೆಳೆಯರಿಗೆ ಮೊದಲು ಹಾಡಿ ತೋರಿಸಿದಾಗ ಅವರಿಗೆ ಹಿಡಿಸಲಿಲ್ಲ, ಒಬ್ಬ ಗೆಳೆಯ ಅದರಲ್ಲಿ ಒಂದೇ ಒಂದು ಹಾಡು ಚೆನ್ನಾಗಿದೆ ಅಂದನಂತೆ. ಸಾಯುವ ಹಾಸಿಗೆಯಲ್ಲಿ ಅವನು ತಿದ್ದುತ್ತಿದ್ದದ್ದು ಇದೇ ಹಾಡುಗಳ ಅಚ್ಚಿನ ಕರಡನ್ನು.

ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ಬಗ್ಗೆ ಬರೆದರೆ ಅವನ ಹೆಂಡತಿ ಕ್ಲಾರಾ ಬಗ್ಗೆ ಬರೆಯದೆ ಇರಲಿಕ್ಕೆ ಆಗುವುದಿಲ್ಲ. ಕ್ಲಾರಾ ಯುರೋಪಿನ ದೊಡ್ಡ ಪಿಯಾನೋ ವಾದಕಿ, ಸ್ವತಃ ಸಂಗೀತ ಬರೆದವಳು. ಅವಳ ಅಪ್ಪ ಮದುವೆಗೆ ಒಪ್ಪಲಿಲ್ಲ, ಪ್ರಕರಣ ಕೋರ್ಟಿಗೆ ಹೋಯಿತು, ಕೊನೆಗೆ 1840ರ ಸೆಪ್ಟೆಂಬರ್ 12ರಂದು, ಅವಳಿಗೆ 21 ತುಂಬುವ ಹಿಂದಿನ ದಿನ, ಮದುವೆಯಾದರು. ಆ ಒಂದೇ ವರ್ಷದಲ್ಲಿ ರಾಬರ್ಟ್ ಶೂಮನ್ 100ಕ್ಕೂ ಜಾಸ್ತಿ ಹಾಡು ಬರೆದ. ಅವನ ಹಾಡುಗಳಲ್ಲಿ ನನಗೆ ಇಷ್ಟವಾದದ್ದು, ಗಾಯಕ ಬಾಯಿ ಮುಚ್ಚಿದ ಮೇಲೂ ಪಿಯಾನೋ ಒಂದೇ ಬಹಳ ಹೊತ್ತು ನಡೆಯುವುದು. ಭಜನೆಯಲ್ಲಿ ಪದ ಮುಗಿದ ಮೇಲೆ ಪೇಟಿ ಒಂದೇ ಒಂದು ಸುತ್ತು ಹಾಕುತ್ತದಲ್ಲ, ಆಗ ಎಲ್ಲರೂ ತಲೆ ತಗ್ಗಿಸಿ ಕೂತಿರುತ್ತಾರಲ್ಲ, ಹಾಗೆ. ಮುಂದೆ ಅವನ ಮನಸ್ಸು ಕೆಟ್ಟಿತು, 1854ರಲ್ಲಿ ರೈನ್ ನದಿಗೆ ಹಾರಿದ, ಉಳಿಸಿದರು, ಎರಡು ವರ್ಷ ಆಸ್ಪತ್ರೆಯಲ್ಲಿದ್ದು ಸತ್ತ. ಆಮೇಲೆ ಮಕ್ಕಳನ್ನು ಸಾಕಿದವಳು ಕ್ಲಾರಾ, ಊರೂರು ತಿರುಗಿ ಕಛೇರಿ ಮಾಡಿ. ನೋಟು ಎದುರಿಗೆ ಇಟ್ಟುಕೊಳ್ಳದೆ ಬಾಯಿಪಾಠದಲ್ಲೇ ಕಛೇರಿ ಮಾಡಿದ ಮೊದಲಿಗರಲ್ಲಿ ಅವಳೂ ಒಬ್ಬಳು.

ಶೋಪ್ಯಾನ್ ಪೋಲೆಂಡಿನವನು. 1830ರಲ್ಲಿ ವಾರ್ಸಾ ಬಿಟ್ಟ, ಮತ್ತೆ ಹೋಗಲು ಆಗಲಿಲ್ಲ. ಅವನ ದೇಹ ಪ್ಯಾರಿಸಿನಲ್ಲಿದೆ, ಹೃದಯ ಮಾತ್ರ ವಾರ್ಸಾದ ಒಂದು ಚರ್ಚಿನ ಕಂಬದಲ್ಲಿದೆ. ಮೊದಲೇ ಹೇಳಿದೆನಲ್ಲ, ಪಿಯಾನೋ ಸ್ವರ ಹೊಡೆದ ಕೂಡಲೇ ಸಾಯುತ್ತದೆ ಅಂತ. ಆ ಸಾಯುವ ಸ್ವರದಿಂದಲೇ ಅವನು ಹಾಡಿಸಿದ. ಶಿಷ್ಯರಿಗೆ ಒಳ್ಳೆ ಗಾಯಕರನ್ನು ಹೋಗಿ ಕೇಳಿ ಅನ್ನುತ್ತಿದ್ದ. ನಾವು ಗಾಯಕಿ ಅಂಗ ಅನ್ನುತ್ತೇವಲ್ಲ, ಅದೇ. ಅವನ ರುಬಾಟೋ ಬಗ್ಗೆ ಜನ ಬಹಳ ಬರೆದಿದ್ದಾರೆ. ನನಗೆ ಅದು ಹೊಸದು ಅನಿಸಲೇ ಇಲ್ಲ. ಎಡಗೈ ತಬಲಾದ ಠೇಕಾದ ಹಾಗೆ ಕಾಲ ಹಿಡಿದು ನಡೆಯುತ್ತದೆ, ಬಲಗೈ ವಿಲಂಬಿತ ಹಾಡುವವರ ಹಾಗೆ ಹಿಂದೆ ಬಿದ್ದು, ಎಳೆದು, ಕೊನೆಗೆ ಸಮ್ಮಿಗೆ ಬಂದು ಸೇರುತ್ತದೆ. ನಮ್ಮ ಕಿವಿಗೆ ಇದು ಮನೆಯ ಊಟ. ಪಾಶ್ಚಾತ್ಯ ಸಂಗೀತ ಕೇಳಬೇಕು ಅಂತ ಇರುವವರು ಅವನ ನಾಕ್ಟರ್ನ್‌ಗಳಿಂದಲೇ, ಇರುಳಿನ ಭಾವದ ಸಣ್ಣ ಪಿಯಾನೋ ತುಣುಕುಗಳವು, ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಆ ಕಾಲದಲ್ಲಿ ಪಿಯಾನೋ ಕೂಡ ಬದಲಾಯಿತು. ಮರದ ಚೌಕಟ್ಟಿಗೆ ಎರಕದ ಕಬ್ಬಿಣ ಬಂತು, ತಂತಿ ದಪ್ಪಗಾಯಿತು. ಎಲ್ಲಾ ತಂತಿಗಳ ಎಳೆತ ಕೂಡಿಸಿದರೆ ಈಗಿನ ದೊಡ್ಡ ಪಿಯಾನೋದಲ್ಲಿ ಸುಮಾರು 20 ಟನ್. ತೊಗರಿ ಚೀಲ ತುಂಬಿದ ಲಾರಿಯಷ್ಟು ಭಾರ ಆ ಕಬ್ಬಿಣ ತಡೆದುಕೊಂಡು ನಿಂತಿದೆ. ಫ್ರಾನ್ಜ್ ಲಿಸ್ಟ್ ಅದರ ಮೇಲೆ ಬಿರುಗಾಳಿ ಎಬ್ಬಿಸಿದವನು, ಒಬ್ಬನೇ ಕೂತು ಇಡೀ ಕಛೇರಿ ಮಾಡುವ ಪದ್ಧತಿ ತಂದವನು. ಅವನ ಆ ಬಿರುಗಾಳಿ ನನಗೆ ತಟ್ಟಲಿಲ್ಲ, ಮುಪ್ಪಿನಲ್ಲಿ ಬರೆದ ನಾಲ್ಕು ಸ್ವರದ ಖಾಲಿ ಖಾಲಿ ತುಣುಕುಗಳು ಬಹಳ ತಟ್ಟಿದವು. ವಾಗ್ನರ್‌ನ ನಾಲ್ಕು ಒಪೆರಾಗಳ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ, ಸರಣಿ ಸುಮಾರು 15 ತಾಸು. ಬಯಲಾಟ ರಾತ್ರಿ ಪೂರ್ತಿ ನೋಡಿದವರಿಗೆ ಉದ್ದ ಹೆದರಿಕೆ ಅಲ್ಲ. ನಾನು ಇನ್ನೂ ಮೊದಲನೆಯದರಲ್ಲೇ ಇದ್ದೇನೆ.

ಪೇಟಿ ಒಂದೇ ಅಲ್ಲ, ಮದುವೆ ಬ್ಯಾಂಡ್ ಕೂಡ ಆ ಕಾಲದ್ದೇ. ಸೇಡಂ ರಸ್ತೆಯಲ್ಲಿ ಮೆರವಣಿಗೆ ಬಂದರೆ ಟ್ರಂಪೆಟ್ ಊದುವವರ ಬಲಗೈ ಬೆರಳು ನೋಡಿ, ಮೂರು ಗುಂಡಿ ಒತ್ತುತ್ತಿರುತ್ತವೆ. ಅದು ವಾಲ್ವ್. ಅದಿಲ್ಲದಾಗ ಹಿತ್ತಾಳೆಯ ಕೊಳವೆಯಲ್ಲಿ ಬರುತ್ತಿದ್ದದ್ದು ಕೆಲವೇ ಸ್ವರ, ಸ ಪ ಸ ಗ ಪ ಹೀಗೆ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಬೇರೆ ಸ್ವರ ಬೇಕಾದರೆ ಕೊಳವೆಗೆ ಇನ್ನೊಂದು ತುಂಡು ಕೊಳವೆ ಸಿಕ್ಕಿಸಬೇಕು. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಪ್ರಷ್ಯಾದಲ್ಲಿ ವಾಲ್ವಿಗೆ ಪೇಟೆಂಟ್ ತೆಗೆದುಕೊಂಡರು. ಗುಂಡಿ ಒತ್ತಿದರೆ ಗಾಳಿ ಒಂದು ಸುತ್ತು ಬಳಸಿ ಬರುತ್ತದೆ, ಕೊಳವೆ ಉದ್ದವಾದ ಹಾಗೆ. ಎಲ್ಲಾ ಸ್ವರ ಸಿಕ್ಕವು. ಟ್ಯೂಬಾ 1835, ಸ್ಯಾಕ್ಸೋಫೋನ್ 1846. ಆ ಸ್ಯಾಕ್ಸೋಫೋನನ್ನು ಕದ್ರಿ ಗೋಪಾಲನಾಥ್ ಅವರು ಕರ್ನಾಟಕ ಸಂಗೀತಕ್ಕೆ ತಂದದ್ದು ಎಲ್ಲರಿಗೂ ಗೊತ್ತು.

ಎಲ್ಲರೂ ಗುಂಡಿಗೆ ಓಡಿದರು ಅಂತಲ್ಲ. ಜರ್ಮನಿಯ ಬ್ರಾಮ್ಸ್ 1865ರಲ್ಲಿ ತನ್ನ ತಾಯಿ ತೀರಿಕೊಂಡ ವರ್ಷ ಬರೆದ ಮೂರು ವಾದ್ಯಗಳ ಟ್ರಯೋದಲ್ಲಿ ಹಳೇ ಗುಂಡಿಯಿಲ್ಲದ ಹಾರ್ನೇ ಇರಲಿ ಅಂದ. ಚಿಕ್ಕವನಿದ್ದಾಗ ಅಪ್ಪನಿಂದ ಕಲಿತ ವಾದ್ಯ ಅದು. ಇದೇ ಬ್ರಾಮ್ಸ್ ಐವತ್ತೆಂಟರ ಹತ್ತಿರ ಇನ್ನು ಬರೆಯುವುದು ಸಾಕು ಅಂದುಕೊಂಡಿದ್ದಾಗ ಮೈನಿಂಗನ್ ಎಂಬ ಊರಿನಲ್ಲಿ ಮ್ಯೂಲ್‌ಫೆಲ್ಡ್ ಎಂಬವನ ಕ್ಲಾರಿನೆಟ್ ಕೇಳಿದ. ಅವನಿಗಾಗಿ 1891ರಲ್ಲಿ ಕ್ಲಾರಿನೆಟ್ ಕ್ವಿಂಟೆಟ್ ಬರೆದ, ಒಂದು ಕ್ಲಾರಿನೆಟ್, ಜೊತೆಗೆ ನಾಲ್ಕು ತಂತಿವಾದ್ಯ. ಅದರ ಎರಡನೇ ಭಾಗದಲ್ಲಿ ತಂತಿವಾದ್ಯಗಳು ದನಿ ಅದುಮಿ ನಿಂತಿರುತ್ತವೆ, ಕ್ಲಾರಿನೆಟ್ ಒಂದೇ ಮೇಲಕ್ಕೂ ಕೆಳಕ್ಕೂ ಹರಿದಾಡುತ್ತದೆ, ಹಂಗೇರಿಯ ಜಿಪ್ಸಿ ವಾದಕರ ಹಾಗೆ. ನಾನು ಅದನ್ನು ಮೇ ತಿಂಗಳ ರಾತ್ರಿ ಮಾಳಿಗೆಯ ಮೇಲೆ ಮಲಗಿ ಕೇಳಿದೆ, ಕಲ್ಲು ಇನ್ನೂ ಬಿಸಿ ಇತ್ತು. ಸನಾದಿ ಊದುವವರು ಆಲಾಪ ಎತ್ತಿಕೊಂಡ ಹಾಗೇ ಅನಿಸಿತು.

ಈ ಎಲ್ಲಾ ಕೇಳಿ ಆದ ಮೇಲೆ ಹೋದ ಅಮಾವಾಸ್ಯೆಗೆ ಪೇಟಿ ತೆಗೆದುಕೊಂಡು ಊರಿಗೆ ಹೋದೆ. ಭಜನೆ ಮುಗಿದು ಜನ ಎದ್ದ ಮೇಲೆ ದೊಡ್ಡಪ್ಪನ ಮುಂದೆ ಮೊಬೈಲ್ ಇಟ್ಟು ಆ ಮುದುಕನ ಹಾಡು ಹಚ್ಚಿದೆ. ಮಾತಿನ ಅರ್ಥ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಾಯಿ ಗುರ್ ಅನ್ನುವ ಸಾಲು ಹೇಳಿದಾಗ, "ಹೌದಪಾ, ಹೊಸಾ ಊರಾಗ ನಾಯಿನೇ ಮೊದಲು ಬರ್ತಾವ" ಅಂದರು. ಅವರ ಕಾಲದಲ್ಲಿ ಅವರೂ ಮಂಡಳಿ ಕಟ್ಟಿಕೊಂಡು ರಾತ್ರಿ ಊರೂರು ನಡೆದವರು.

ಹಾಡು ಮುಗಿಯಿತು. ಇನ್ನೊಮ್ಮೆ ಹಚ್ಚು ಅಂದರು. ಎರಡನೇ ಸಲ ಅವರ ಬೆರಳು ನೆಲದ ಮೇಲೆ ಸ ಪ ಒತ್ತುತ್ತಿತ್ತು. ಆಮೇಲೆ ಪೇಟಿ ನನ್ನ ಕಡೆ ಸರಿಸಿ, ಸ ಪ ಹಿಡಿ, ತಿದಿ ಜೋರು ಮಾಡಬೇಡ ಅಂದರು. ಹಿಡಿದೆ. ಒಂದೆರಡು ಉಸಿರು ಸುಮ್ನೆ ಇದ್ದು, ತಮ್ಮದೇ ಒಂದು ಪದ ಎತ್ತಿಕೊಂಡರು. ಕೆಳಗಿನ ಕೋಮಲ ನಿಗೆ ಬಂದಾಗ ನಾನು ಆ ಮನೆಯನ್ನೂ ಒತ್ತಿದೆ. ಈಗ ಅದು ನುಡಿಯುತ್ತದೆ.